ದಿಲ್ಲಿಗೆ ಹಾರಿದ ಆರು ಬ್ಯಾಟರಿ

ಲಕ್ಷ್ಮೇಶ್ವರದಲ್ಲಿ ಬ್ಯಾಟರಿಯ ವಿಷಯ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ನಮ್ಮ ಓಣಿಯೇ ಒಪ್ಪಿದ ಮಾತು. ಇಪ್ಪತ್ತು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿದ್ದೇನೆ. ಕರೆಂಟು ಹೋದ ಮದುವೆಗಳಲ್ಲೂ ನನ್ನ ಕ್ಯಾಮೆರಾ ನಿಂತದ್ದಿಲ್ಲ. ಅದಕ್ಕೇ ದಿಲ್ಲಿಯಲ್ಲಿರುವ ನನ್ನ ಅಕ್ಕ, ನಾವು ಆಪಾ ಅನ್ನುತ್ತೇವೆ, ಮಗಳ ನಿಕಾಹ್‌ಗೆ ಅಲ್ಲಿಯ ಫೋಟೋಗ್ರಾಫರನನ್ನು ಬೇಡವೆಂದಳು. ತೆಗೆದರೆ ತಮ್ಮನೇ ತೆಗೆಯಬೇಕೆಂದು ನನಗೂ ನನ್ನ ಹೆಂಡತಿ ಮುಮ್ತಾಜ್‌ಳಿಗೂ ವಿಮಾನದ ಟಿಕೆಟ್ ಕಳಿಸಿದಳು.

ಹೆಚ್ಚುವರಿ ಬ್ಯಾಟರಿ ಆರು. ಅವುಗಳ ಲೋಹದ ತುದಿಗೆ ಏನಾದರೂ ತಾಗಿದರೆ ಬೆಂಕಿ ಹತ್ತಬಹುದು ಎಂದು ಎಲ್ಲೋ ಓದಿದ್ದೆ. ಒಂದೊಂದರ ತುದಿಗೂ ಕಾಣದಷ್ಟು ತೆಳುವಾದ ಟೇಪನ್ನು ಎರಡು ಪದರ ಅಂಟಿಸಿ, ಬೇರೆ ಬೇರೆ ಕವರಿಗೆ ಹಾಕಿದೆ. ಮನೆಗೆ ಬಂದವರಿಗೆಲ್ಲ ತೋರಿಸಿದೆ. ಹಾಲು ಹಾಕಲು ಬಂದವರೂ ನೋಡಿಯೇ ಹೋಗಬೇಕಾಯಿತು.

ಆಮೇಲೆ ಆರನ್ನೂ ದೊಡ್ಡ ಸೂಟ್‌ಕೇಸಿನ ತಳದಲ್ಲಿಟ್ಟೆ. ಕೈಚೀಲದಲ್ಲಿ ಜಾಗವಿರಲಿಲ್ಲ, ಅಲ್ಲಿ ಬುತ್ತಿ ಇತ್ತು. ನಮ್ಮ ಕಡೆ ಊರಿಗೆ ಹೊರಟವರು ಬುತ್ತಿಯನ್ನು ಕೈಬಿಡುವುದಿಲ್ಲ. ಅದೂ ನಲವತ್ತು ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ!

"ಬ್ಯಾಟರಿ ಕೈಯಾಗ ಇರಬೇಕೋ ಏನೋ, ಯಾರನ್ನರ ಕೇಳ್ರಿ" ಎಂದಳು ಮುಮ್ತಾಜ್.

ನನಗೇ ಬ್ಯಾಟರಿಯ ಪಾಠ! ನಕ್ಕು ಸೂಟ್‌ಕೇಸಿನ ಜಿಪ್ ಎಳೆದೆ.

ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ನನ್ನ ಹೆಸರನ್ನು ಮೈಕಿನಲ್ಲಿ ಕೂಗಿದರು. ಗಣ್ಯರನ್ನು ಹೀಗೆ ಕರೆಯುತ್ತಾರೇನೋ ಎಂದು ಅಂಗಿ ಸರಿಮಾಡಿಕೊಂಡು ಹೋದೆ. ಮೇಜಿನ ಮೇಲೆ ನನ್ನ ಸೂಟ್‌ಕೇಸ್ ಇತ್ತು. ಹೆಚ್ಚುವರಿ ಬ್ಯಾಟರಿ ಲಗೇಜಿನಲ್ಲಿ ಹೋಗುವಂತಿಲ್ಲವಂತೆ. ವಿಮಾನದ ಹೊಟ್ಟೆಯಲ್ಲಿ ಹೊತ್ತಿಕೊಂಡರೆ ನೋಡುವವರಿಲ್ಲ, ಕೈಚೀಲದಲ್ಲಿದ್ದರೆ ಕೂಡಲೇ ಆರಿಸಬಹುದು. ಹೀಗಾಗಿ ಬ್ಯಾಟರಿ ಕೈಚೀಲಕ್ಕೆ ಬಂತು, ರೊಟ್ಟಿ ಸೂಟ್‌ಕೇಸಿಗೆ ಹೋಯಿತು. ಮುಮ್ತಾಜ್ ನನ್ನ ಮುಖವನ್ನೇ ನೋಡಿದಳು. ನಾನು ಛಾವಣಿ ನೋಡಿದೆ.

"ಟೇಪ್ ಮಾತ್ರ ಭಾಳ ಛಲೋ ಹಚ್ಚೀರಿ" ಎಂದರು ಅಧಿಕಾರಿ.

ಉಳಿದದ್ದೆಲ್ಲ ಮರೆತೇಹೋಯಿತು. ಆ ಹೆಮ್ಮೆಯಲ್ಲಿ ವಿಮಾನ ಹತ್ತಿ ಮೋಡಗಳನ್ನು, ರೆಕ್ಕೆಯನ್ನು, ಕಡೆಗೆ ನನ್ನನ್ನೇ ತೆಗೆಯುತ್ತ ಕ್ಯಾಮೆರಾದೊಳಗಿದ್ದ ಬ್ಯಾಟರಿ ಬಹುಪಾಲು ಮುಗಿಸಿದೆ. ಇನ್ನೂ ಆರು ಇದ್ದವಲ್ಲ!

ದಿಲ್ಲಿ ಮುಟ್ಟುವಷ್ಟರಲ್ಲಿ ರೊಟ್ಟಿ ಪುಡಿಯಾಗಿತ್ತು. ಆಪಾ ಅದನ್ನೇ ಚಮಚದಲ್ಲಿ ತಿಂದು ಕಣ್ಣು ತುಂಬಿಕೊಂಡಳು.

ಮರುದಿನ ನಿಕಾಹ್. ಅಕ್ಕನ ಮಗಳು ಸಹಿ ಹಾಕಲು ಪೆನ್ನು ಹಿಡಿದಳು. ಕ್ಯಾಮೆರಾ ಕಣ್ಣು ಮುಚ್ಚಿತು. ಹೊಸ ಬ್ಯಾಟರಿ ಹಾಕಿದೆ, ಏಳಲಿಲ್ಲ. ಇನ್ನೊಂದು ಹಾಕಿದೆ. ಮತ್ತೊಂದು. ಒಂದು ನಿಮಿಷ ತಡೆಯಿರೆಂದು ಖಾಜಿಯವರಿಗೆ ಕೈಮುಗಿದೆ. ಆರನೆಯದೂ ಏಳಲಿಲ್ಲ. ಪೆನ್ನು ಗಾಳಿಯಲ್ಲೇ ನಿಂತಿತ್ತು. ಬೇರೆ ಫೋಟೋಗ್ರಾಫರನನ್ನು ಬೇಡವೆಂದಿದ್ದ ಆಪಾ ನನ್ನನ್ನು ನೋಡುತ್ತಿದ್ದಳು. ನಿಜ ಹೇಳುತ್ತೇನೆ, ನನಗೆ ಅಳು ಬಂತು.

ಆದರೂ ತಜ್ಞನ ಗತ್ತು ಬಿಡಲಾದೀತೆ? ವಿಮಾನ ನಿಲ್ದಾಣದ ತಪಾಸಣೆಯ ಯಂತ್ರ ಆರೂ ಬ್ಯಾಟರಿಯ ಜೀವ ತೆಗೆದಿದೆ ಎಂದು ಸಭೆಗೆ ಘೋಷಿಸಿದೆ. ಹಿರಿಯರು ತಲೆದೂಗಿದರು.

ಮುಮ್ತಾಜ್ ಎದ್ದು ಬಂದಳು. ಒಂದು ಬ್ಯಾಟರಿಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಮೊದಲ ಪದರ ಕಿತ್ತಳು. ಎರಡನೆಯದನ್ನೂ ಕಿತ್ತಳು.

"ಈಗ ಹಾಕ್ರಿ" ಎಂದಳು.

ಕ್ಯಾಮೆರಾ ಕಣ್ಣು ಬಿಟ್ಟಿತು. ಸಭೆಯೆಲ್ಲ ನಕ್ಕಿತು. ಮದುಮಗಳು ನಗುತ್ತಲೇ ಸಹಿ ಹಾಕಿದಳು, ಖಾಜಿಯವರ ಗಡ್ಡವೂ ಅಲುಗುತ್ತಿತ್ತು. ನಾನು ಈವರೆಗೆ ತೆಗೆದ ಫೋಟೋಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ.

ಈಗ ಅದು ಸ್ಟುಡಿಯೋದ ಗೋಡೆಯ ಮೇಲಿದೆ. ವಿಮಾನ ಹತ್ತುವವರು ನನ್ನ ಸಲಹೆ ಕೇಳಿ ಬರುತ್ತಾರೆ. ಬ್ಯಾಟರಿ ಕೈಚೀಲದಲ್ಲಿರಲಿ, ತುದಿಗೆ ಟೇಪ್ ಇರಲಿ ಎಂದು ಗಂಭೀರವಾಗಿ ಎರಡು ನಿಯಮ ಹೇಳಿ ಕನ್ನಡಕ ಸರಿಪಡಿಸಿಕೊಳ್ಳುತ್ತೇನೆ. ಅಷ್ಟರಲ್ಲಿ ಒಳಗಿನಿಂದ ಮುಮ್ತಾಜ್‌ಳ ದನಿ ಬರುತ್ತದೆ:

"ಮೂರನೇದೂ ಹೇಳ್ರಿ. ಇಲ್ಲಾ ಅಂದ್ರ ಅವ್ರ ಜೋಡಿ ನಾನೂ ಹೋಗಬೇಕಾಗ್ತೈತಿ."