ಶ್ರೀಶೈಲಕ್ಕೆ ಹೋದ ಫಿನ್ಲೆಂಡಿನ ಹುಡುಗಿ

ಕೆಲವು ಮನೆತನಗಳಲ್ಲಿ ತಾತನಿಂದ ಮೊಮ್ಮಗನಿಗೆ ಬಂಗಾರ ಇಳಿದು ಬರುತ್ತದೆ, ಕೆಲವರಲ್ಲಿ ಸಂಗೀತ, ಇನ್ನು ಕೆಲವರಲ್ಲಿ ಸಕ್ಕರೆ ಕಾಯಿಲೆ. ನಮ್ಮ ಮನೆತನದಲ್ಲಿ ಇಳಿದು ಬಂದಿರುವುದು ಒಂದು ವಾಕ್ಯ: "ಯಜಮಾನ್ರು ಊರಲ್ಲಿಲ್ಲ, ಶ್ರೀಶೈಲಕ್ಕೆ ಹೋಗಿದಾರೆ." ನಮ್ಮ ತಾತ ಚಿಕ್ಕಪೇಟೆಯಲ್ಲಿ ಸೀರೆ ಫಾಲ್ಸು, ಲೈನಿಂಗ್ ಬಟ್ಟೆ ಮಾರುವ ಅಂಗಡಿ ತೆರೆದ ದಿನದಿಂದ, ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡು ಬಂದವರು ಯಾರೇ ಆಗಲಿ, ಅವರಿಗೆ ನಾವು ಕೊಡುತ್ತಾ ಬಂದಿರುವ ಉತ್ತರ ಇದೊಂದೇ. ತಾತ ತೆರಿಗೆ ತಪ್ಪಿಸುತ್ತಿದ್ದರು ಎಂದು ದಯವಿಟ್ಟು ತಿಳಿಯಬೇಡಿ. ಕಾಸಿಗೆ ಕಾಸು ಕಟ್ಟುತ್ತಿದ್ದರು. ಕಟ್ಟಿದ ರಸೀದಿಯನ್ನು ಗಲ್ಲಾಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟುಕೊಂಡು, ಆಮೇಲೆ ಬಟ್ಟೆಯ ಥಾನುಗಳ ಹಿಂದೆ ಬಗ್ಗಿ ಕೂತು, ಊರಲ್ಲಿಲ್ಲ ಎಂದು ಹೇಳಿಸುತ್ತಿದ್ದರು. ಶ್ರೀಶೈಲವೇ ಯಾಕೆ ಎಂದರೆ, ಅದು ದೂರ. ಜೊತೆಗೆ ದೇವರ ಊರು. ದೇವರ ಊರಿಗೆ ಹೋದವರು ಯಾವಾಗ ಬರುತ್ತಾರೆ ಎಂದು ಒತ್ತಾಯಿಸಿ ಕೇಳುವುದು ಯಾವ ಅಧಿಕಾರಿಗೂ ಚೆನ್ನಾಗಿ ಕಾಣುವುದಿಲ್ಲ. ಅಂದ ಹಾಗೆ, ನಮ್ಮ ತಾತ ಜೀವಮಾನದಲ್ಲಿ ಶ್ರೀಶೈಲವನ್ನು ನೋಡಲೇ ಇಲ್ಲ. ಅಂಗಡಿ ಬಿಟ್ಟು ಹೋಗಲು ಪುರುಸೊತ್ತಾಗಲಿಲ್ಲ.

ನಮ್ಮಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಅಡುಗೆ ಮನೆಯ ಡಬ್ಬಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಕಲಿಯುವುದಕ್ಕೆ ಮೊದಲೇ ಈ ವಾಕ್ಯವನ್ನು ಕಲಿತರಂತೆ. ಅಂಗಡಿಯ ಸುಳ್ಳನ್ನು ಚಾಮರಾಜಪೇಟೆಯ ಮನೆಗೆ ತಂದವರೂ ಅವರೇ. ಜನಗಣತಿಯವರಿಗೆ ಹೇಳಿದರು, ಗ್ಯಾಸ್ ಪರಿಶೀಲನೆಗೆ ಬಂದವರಿಗೆ ಹೇಳಿದರು, ಗಣೇಶನ ಚಂದಾ ಕೇಳುವವರಿಗೆ ಪ್ರತಿ ವರ್ಷ ಹೇಳಿದರು. ಒಮ್ಮೆ ಜಾತಕದ ಫೈಲು ಹಿಡಿದು ಬಂದ ಗಂಡಿನ ಕಡೆಯವರಿಗೂ ಹೇಳಿ ಕಳಿಸಿಬಿಟ್ಟರು. ನನ್ನ ತಂಗಿಯ ಮದುವೆ ಅದರಿಂದ ಒಂದು ವರ್ಷ ತಡವಾಯಿತು. ಎಂಬತ್ತು ದಾಟಿದ ಮೇಲೆ ಈಗ ಅಮ್ಮನ ಕಿವಿ ಸ್ವಲ್ಪ ಮಂದವಾಗಿದೆ, ಆದರೆ ಫೈಲು ಮಾತ್ರ ಗೇಟಿನಾಚೆ ಇರುವಾಗಲೇ ಕಾಣುತ್ತದೆ.

ಇಂಥ ಮನೆಯ ಮಹಡಿಯ ಕೋಣೆಗೆ ಫಿನ್ಲೆಂಡಿನ ಹೆಲ್ಮಿ ಬಾಡಿಗೆಗೆ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ. ಹಳೆಯ ಗೋಡೆಗಳ ಮೇಲೆ ಬೂದು ಬಣ್ಣದಲ್ಲಿ ಅಂಟಿಕೊಂಡು ಬೆಳೆಯುವ ಕಲ್ಲುಹೂವನ್ನು ಅಭ್ಯಾಸ ಮಾಡಲು ಸರ್ಕಾರದ ವೀಸಾ ಪಡೆದು ಅಷ್ಟು ದೂರದಿಂದ ಬಂದಿದ್ದಳು. ಕಲ್ಲುಹೂವು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುತ್ತದಂತೆ. ಅದು ಬೆಳೆಯುವುದನ್ನು ನೋಡಲು ಇವಳಿಗೆ ಕೊಟ್ಟಿದ್ದು ಒಂದು ವರ್ಷದ ವೀಸಾ. ಬಿಸಿಬೇಳೆಬಾತಿನ ಪುಡಿಗೆ ಅದೇ ಕಲ್ಲುಹೂವನ್ನು ಹುರಿದು ಹಾಕುವ ನಮ್ಮಮ್ಮನಿಗೆ ಇದೊಂದೂ ಅರ್ಥವಾಗಲಿಲ್ಲ. "ಪಾಪ, ಇದಕ್ಕೋಸ್ಕರ ಇಷ್ಟು ದೂರ ಬರ್ಬೇಕಿತ್ತಾ? ಗ್ರಂಥಿಗೆ ಅಂಗಡೀಲಿ ನೂರು ಗ್ರಾಂ ಕಟ್ಟಿಸ್ಕೊಂಡು ಪಾರ್ಸಲ್ ಕಳಿಸಿದ್ರೆ ಆಗ್ತಿರ್ಲಿಲ್ವಾ?" ಎಂದರು. ಬೀದಿಯವರ ಕಷ್ಟ ಬೇರೆ. ಭೂತಗನ್ನಡಿ ಹಿಡಿದು ಕಾಂಪೌಂಡುಗಳನ್ನು ಅಳೆಯುತ್ತಾ ಬರುವ ಹೆಂಗಸನ್ನು ಕಂಡು ಪಕ್ಕದ ಮನೆಯವರು ಕಾರ್ಪೊರೇಷನ್ನಿನಿಂದ ಬಂದಿದ್ದಾರೆಂದು ಹೆದರಿ, ಮರುದಿನವೇ ಗೋಡೆಗೆ ಸುಣ್ಣ ಹೊಡೆಸಿಬಿಟ್ಟರು. ಹೆಲ್ಮಿ ಆ ಬಿಳಿ ಗೋಡೆಯ ಮುಂದೆ ನಿಂತು ಕಣ್ಣೀರು ಹಾಕಿದಳು.

ವಿದೇಶದವರು ಮನೆಯಲ್ಲಿ ಉಳಿದರೆ ಮನೆಯ ಮಾಲೀಕ ಒಂದೇ ದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು ಎಂಬ ನಿಯಮ ನನಗೆ ಗೊತ್ತಾಗಿದ್ದು ಅವಳು ಬಂದ ದಿನವೇ. ನನ್ನ ಸಂಕಟವನ್ನು ಸ್ವಲ್ಪ ಊಹಿಸಿಕೊಳ್ಳಿ. ಮನೆಯಲ್ಲಿ ಇರುವವರನ್ನೇ ಇಲ್ಲ ಎನ್ನುತ್ತಾ ಬಂದ ವಂಶದಲ್ಲಿ ಹುಟ್ಟಿ, ಯಾರೂ ಬಂದು ಕೇಳದಿರುವಾಗ, ನಾನಾಗಿಯೇ ಕಂಪ್ಯೂಟರ್ ಮುಂದೆ ಕೂತು "ನಮ್ಮ ಮನೆಯಲ್ಲಿ ಒಬ್ಬರು ಇದ್ದಾರೆ" ಎಂದು ಸರ್ಕಾರಕ್ಕೆ ಹೇಳಬೇಕು! ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತೆ. ಗೋಡೆಯ ಮೇಲಿನ ಫೋಟೋದಿಂದ ತಾತ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ ಅನ್ನಿಸಿತು. ನನ್ನ ಹೆಂಡತಿ ಗಿರಿಜಾ ಹಿಂದೆ ನಿಂತು, "ರೀ, ಸುಮ್ನೆ ಒತ್ರೀ, ನಿಮ್ಮನ್ನೇನು ಹಿಡ್ಕೊಂಡ್ ಹೋಗ್ತಾರಾ?" ಎಂದು ಗದರಿದ ಮೇಲೆ ಕಣ್ಣು ಮುಚ್ಚಿಕೊಂಡು ಒತ್ತಿದೆ.

ಹೆಲ್ಮಿ ನಿಯಮಗಳ ಹುಡುಗಿ. ಬಂದ ವಾರವೇ ನಮ್ಮಮ್ಮನ ಮುಂದೆ ಕೂತು, ಈ ಮನೆಯ ನಿಯಮಗಳೇನು ಎಂದು ಕೇಳಿದಳು. ಹಾಗೆ ಕೇಳಿದ ಮೊದಲ ವ್ಯಕ್ತಿ ಅವಳೇ. ಸೊಸೆ ಕೂಡ ಕೇಳಿರಲಿಲ್ಲ. ಅಮ್ಮ ಖುಷಿಯಿಂದ ಪಾಠ ಶುರುಮಾಡಿದರು. ಮನೆಯಿಂದ ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು. ಅಕ್ಕಿ ಮುಗಿದರೆ "ಖಾಲಿ" ಅನ್ನಬಾರದು, "ತುಂಬಿದೆ" ಅನ್ನಬೇಕು. ಬಳೆ ಒಡೆದರೆ "ಒಡೀತು" ಅನ್ನಬಾರದು, "ಹೆಚ್ಚಿತು" ಅನ್ನಬೇಕು. ಅದೇ ಉಸಿರಿನಲ್ಲಿ, ಫೈಲು ಹಿಡಿದುಕೊಂಡು ಬಂದವರಿಗೆ "ಊರಲ್ಲಿಲ್ಲ, ಶ್ರೀಶೈಲಕ್ಕೆ ಹೋಗಿದಾರೆ" ಅನ್ನಬೇಕು. ಹೆಲ್ಮಿ ಎಲ್ಲವನ್ನೂ ಶ್ರದ್ಧೆಯಿಂದ ಬಾಯಿಪಾಠ ಮಾಡಿದಳು. ವರ್ಷ ತುಂಬುವಷ್ಟರಲ್ಲಿ ನಮ್ಮ ಅಡುಗೆ ಮನೆಯ ಕನ್ನಡ ಅವಳ ಬಾಯಲ್ಲಿ ನೀರು ಕುಡಿದಷ್ಟು ಸುಲಭವಾಯಿತು. ನಮಗೂ ಅವಳಿಲ್ಲದೆ ಊಟ ಸೇರದಂತಾಯಿತು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ವೀಸಾ ಮುಗಿಯುವ ದಿನ ಹತ್ತಿರ ಬಂತು. ಇನ್ನೊಂದು ವರ್ಷಕ್ಕೆ ವಿಸ್ತರಿಸಿ ಎಂದು ಅರ್ಜಿ ಹಾಕಿದಳು. ಮಳೆಗಾಲದಲ್ಲಿ ನೆನೆದಾಗಲೇ ಕಲ್ಲುಹೂವು ಬೆಳೆಯುವುದಂತೆ. ಹೋದ ಮಳೆಯ ಅಳತೆಯನ್ನು ಈ ಸಲದ ಮಳೆಯದರ ಜೊತೆ ಹೋಲಿಸದೆ ಊರು ಬಿಟ್ಟರೆ ಇಷ್ಟು ದಿನದ ಕೆಲಸವೆಲ್ಲ ನೀರುಪಾಲು. ಅರ್ಜಿಯ ಪ್ರಕಾರ ಅವಳು ಈ ವಿಳಾಸದಲ್ಲಿ ನಿಜವಾಗಿಯೂ ಇದ್ದಾಳೆಯೇ ಎಂದು ನೋಡಲು ಪೊಲೀಸರು ಬರುತ್ತಾರೆ, ಅಷ್ಟೇ ಬಾಕಿ. ದಿನಾ ಕಾದೆವು. ಯಾರೂ ಬರಲಿಲ್ಲ. ಬದಲಿಗೆ ಒಂದು ಸಂಜೆ ಅವಳ ಮೊಬೈಲಿಗೆ ಸಂದೇಶ ಬಂತು: ಪರಿಶೀಲನೆಯ ವೇಳೆ ಅರ್ಜಿದಾರರು ವಿಳಾಸದಲ್ಲಿ ಕಂಡುಬಂದಿಲ್ಲ, ವಿವರಣೆ ನೀಡಿ. ನನಗೆ ಕೋಪ ನೆತ್ತಿಗೇರಿತು. ಮನೆಗೆ ಬಾರದೆಯೇ ವರದಿ ಬರೆದಿದ್ದಾರೆ, ನಾಳೆಯೇ ಹೋಗಿ ಜಾಡಿಸುತ್ತೇನೆ ಎಂದು ಹಾರಾಡಿದೆ.

ಮರುದಿನ ಠಾಣೆಯಲ್ಲಿ, ಹೆಲ್ಮಿ ಬಾಡಿಗೆಗಿರುವ ಮನೆಯವನು ಎಂದು ಹೇಳಿಕೊಂಡು ನಿಂತೆ. ಪರಿಶೀಲನೆ ಮಾಡಿದ ಪೇದೆ ರಂಗಸ್ವಾಮಿ ನಿಧಾನದ ಮನುಷ್ಯ. "ಬಂದಿದ್ನಲ್ಲ ಸಾರ್, ಹೋದ ಗುರುವಾರ ಮಧ್ಯಾಹ್ನ, ಮಫ್ತೀಲಿ. ಶ್ರೀಶೈಲಕ್ಕೆ ಹೋಗಿದಾರೆ ಅಂದ್ರು," ಎಂದರು. ನನಗೆ ತಟ್ಟನೆ ಅಮ್ಮನ ನೆನಪಾಯಿತು.

"ಯಾರು ಅಂದಿದ್ದು ಸಾರ್? ವಯಸ್ಸಾದವರಾ?"

"ಇಲ್ಲ ಸಾರ್, ನಿಮ್ಮನೆ ಸೊಸೆ ಇರ್ಬೇಕು. ಬೆಳ್ಳಗೆ, ಎತ್ತರಕ್ಕೆ, ಕೊಡಗಿನ ಕಡೆಯವರ ಥರ. ನೈಟಿ ಹಾಕ್ಕೊಂಡು ತಲೆಗೆ ಟವೆಲ್ ಸುತ್ಕೊಂಡಿದ್ರು. ಹೆಲ್ಮಿ ಅನ್ನೋರು ಇದಾರಾ ಅಂತ ಕೇಳ್ದೆ. ನನ್ನ ಫೈಲ್ ನೋಡಿದ್ರು. ಊರಲ್ಲಿಲ್ಲ, ಶ್ರೀಶೈಲಕ್ಕೆ ಹೋಗಿದಾರೆ ಅಂದ್ರು. ಒಳ್ಳೇ ಹೆಣ್ಣುಮಗಳು ಸಾರ್, ಬಿಸಿಲಲ್ಲಿ ಬಂದಿದೀರಾ ಅಂತ ಮಜ್ಜಿಗೆ ಕೊಟ್ರು."

ನಮ್ಮ ಮನೆಯಲ್ಲಿ ಸೊಸೆ ಎಂದರೆ ಗಿರಿಜಾ ಒಬ್ಬಳೇ. ಅವಳು ಎತ್ತರವೂ ಅಲ್ಲ, ಅಪರಿಚಿತರಿಗೆ ಮಜ್ಜಿಗೆ ಕೊಡುವವಳೂ ಅಲ್ಲ. ಫೈಲಿನಲ್ಲಿದ್ದ ಹೆಲ್ಮಿಯ ಫೋಟೋ ನೋಡಿದೆ. ಮುದ್ರಣದಲ್ಲಿ ಮಸಿ ಇಳಿದು ಅದರಲ್ಲಿ ಮುಖ ಎಲ್ಲಿ, ಕೂದಲು ಎಲ್ಲಿ ಎಂದು ಹೆತ್ತ ತಾಯಿಗೂ ತಿಳಿಯುವಂತಿರಲಿಲ್ಲ. ಬಾಗಿಲು ತೆಗೆದವಳು ಹೆಲ್ಮಿಯೇ ಎಂದು ಹೇಳಿದರೆ, ಹುಡುಗಿ ಪೊಲೀಸರಿಗೆ ಸುಳ್ಳು ಹೇಳಿದಳು ಎಂದಾಗುತ್ತದೆ. ಸುಮ್ಮನಿದ್ದರೆ, ಅವಳು ಇಲ್ಲಿ ಇಲ್ಲವೇ ಇಲ್ಲ ಎಂದಾಗುತ್ತದೆ. ಇಂಥ ಹೊತ್ತಿನಲ್ಲಿ ಬುದ್ಧಿವಂತರು ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನು ಬಾಯಿ ಬಿಟ್ಟು, "ಇವತ್ತು ಬೆಳಿಗ್ಗೆ ವಾಪಸ್ ಬಂದ್ರು ಸಾರ್," ಎಂದೆ.

ರಂಗಸ್ವಾಮಿಯವರ ಮುಖ ಅರಳಿತು. "ಹೌದಾ! ಮಲ್ಲಿಕಾರ್ಜುನ ನಮ್ಮ ಮನೆದೇವ್ರು ಸಾರ್. ನಮಗೆ ಹೋಗಕ್ಕೇ ಆಗಿಲ್ಲ. ನಾಳೆ ಬರ್ತೀನಿ, ಸ್ವಲ್ಪ ಪ್ರಸಾದ ಇಟ್ಟಿರಿ," ಎಂದು ಕೈಮುಗಿದರು.

ಮನೆಗೆ ಬಂದು ಹೆಲ್ಮಿಯನ್ನು ಕೂರಿಸಿಕೊಂಡು ಕೇಳಿದೆ. ಅವಳಿಗೆ ಆಶ್ಚರ್ಯ. "ನಾನು ನಿಯಮದ ಪ್ರಕಾರವೇ ಹೇಳಿದೆ ಅಂಕಲ್. ಪೊಲೀಸ್ ಬಟ್ಟೆ ಇರಲಿಲ್ಲ, ಫೈಲು ಇತ್ತು. ಅಕ್ಕಿ ಇಲ್ಲದಿದ್ದರೆ ತುಂಬಿದೆ ಅನ್ನಬೇಕು. ಹೋಗುವಾಗ ಬರ್ತೀನಿ ಅನ್ನಬೇಕು. ಮನೆಯಲ್ಲಿ ಇದ್ದರೆ ಶ್ರೀಶೈಲದಲ್ಲಿ ಇದ್ದಾರೆ ಅನ್ನಬೇಕು. ಅವರಿಗೂ ಅದು ಗೊತ್ತಿರುತ್ತದೆ ಅಂದುಕೊಂಡೆ. ಅವರು ಕನ್ನಡದವರೇ ಅಲ್ಲವಾ?" ಬಂದವರು ಪೊಲೀಸರು, ವರದಿ ಬರೆದವರೂ ಅವರೇ ಎಂದು ನಾನು ಬಿಡಿಸಿ ಹೇಳಿದೆ. ವಿಷಯ ಅರ್ಥವಾಗುತ್ತಿದ್ದ ಹಾಗೆ ಅವಳ ಮುಖ ಬಿಳಿಚಿಕೊಂಡಿತು. ಅಮ್ಮ ಮಾತ್ರ ಸಮಾಧಾನವಾಗಿ, "ಅದಕ್ಯಾಕೆ ಅಷ್ಟು ಯೋಚ್ನೆ? ಈಗ್ಲೇ ಬಸ್ ಹತ್ತಿ ಶ್ರೀಶೈಲಕ್ಕೆ ಹೋಗಿ ಬಂದ್ಬಿಡ್ಲಿ, ಹೇಳಿದ್ದು ಸುಳ್ಳೂ ಆಗಲ್ಲ," ಎಂದರು. ಹಾಗೆ ಹೋದರೆ ನಾಳೆ ಪೇದೆ ಬಂದಾಗ ನಿಜವಾಗಿಯೂ ಇರುವುದಿಲ್ಲವಲ್ಲ ಎಂದು ಗಿರಿಜಾ ಹೇಳಿದ ಮೇಲೆ ಆ ಯೋಜನೆ ಬಿದ್ದುಹೋಯಿತು.

ಉಳಿದದ್ದು ಪ್ರಸಾದ. ನಾನು ಬೀದಿಯ ಕೊನೆಯ ಮಿಠಾಯಿ ಅಂಗಡಿಯಿಂದ ಲಾಡು ತಂದೆ. ಗಿರಿಜಾ ಅದನ್ನು ಡಬ್ಬಿಯಿಂದ ತೆಗೆದು ತಟ್ಟೆಗೆ ಹಾಕಿ ಪಕ್ಕದಲ್ಲಿ ವಿಭೂತಿ ಇಟ್ಟಳು. ಆಮೇಲೆ ತಾಲೀಮು. ನಾನು ಕಂಕುಳಲ್ಲಿ ಫೈಲು ಇಟ್ಟುಕೊಂಡು ಗೇಟಿನ ಹೊರಗಿನಿಂದ ಬಂದು, "ಹೆಲ್ಮಿ ಇದಾರಾ?" ಎನ್ನುವುದು, ಅಮ್ಮ "ಇದಾಳೆ" ಎನ್ನುವುದು. ಇಷ್ಟೇ. ಮೂರಕ್ಷರದ ಮಾತು. ಎಷ್ಟು ಸಲ ಬಂದರೂ ಅಮ್ಮ ನನ್ನನ್ನೇ ಶ್ರೀಶೈಲದ ಹೆಸರು ಹೇಳಿ ವಾಪಸ್ ಕಳಿಸಿದರು. ನನಗೆ ಸಿಟ್ಟು ಬಂದು, ಇಷ್ಟು ಸಣ್ಣ ಮಾತು ಹೇಳಲು ಏನಮ್ಮಾ ನಿನಗೆ ಕಷ್ಟ, ಸ್ವಲ್ಪ ಎದೆಗಾರಿಕೆ ತಂದುಕೋ ಎಂದು ದೊಡ್ಡ ಭಾಷಣವನ್ನೇ ಬಿಗಿದೆ.

ಮರುದಿನ ರಂಗಸ್ವಾಮಿ ಬಂದರು. ಅಮ್ಮ ಫೈಲು ನೋಡಿದರು, ಗಂಟಲು ಸರಿಮಾಡಿಕೊಂಡರು, ಸೆರಗು ಬಿಗಿಹಿಡಿದರು. "ಇದಾಳೆ. ಒಳಗೇ ಇದಾಳೆ. ಬನ್ನಿ," ಎಂದರು. ಎಂಬತ್ತು ದಾಟಿದ ಹೆಂಗಸು ಇಡೀ ಬದುಕಿನ ಅಭ್ಯಾಸವನ್ನು ಆ ಹುಡುಗಿಗಾಗಿ ಬಿಟ್ಟುಕೊಟ್ಟಿದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ರಂಗಸ್ವಾಮಿ ಚಪ್ಪಲಿ ಬಿಟ್ಟು ಒಳಗೆ ಬಂದು, ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು, ಲಾಡನ್ನು ಕಣ್ಣಿಗೊತ್ತಿ ಬಾಯಿಗಿಟ್ಟರು. ಅಷ್ಟರಲ್ಲಿ ಹೆಲ್ಮಿ ಮಹಡಿಯಿಂದ ಇಳಿದು ಬಂದು ನೆಟ್ಟಗೆ ಅವರ ಮುಂದೆ ನಿಂತಳು.

"ಸಾರ್, ಅವತ್ತು ಬಾಗಿಲು ತೆಗೆದದ್ದು ನಾನೇ. ನಾನೇ ಹೆಲ್ಮಿ. ನಾನು ಶ್ರೀಶೈಲಕ್ಕೆ ಹೋಗಿರಲಿಲ್ಲ. ಈ ಮನೆಯಲ್ಲಿ ಎಲ್ಲರೂ ಹಾಗೆ ಹೇಳ್ತಾರೆ, ಅದಕ್ಕೆ ನಾನೂ ಹೇಳಿದೆ. ತಪ್ಪಾಯಿತು."

ರಂಗಸ್ವಾಮಿ ಅಗಿಯುವುದನ್ನು ನಿಲ್ಲಿಸಿದರು. "ಹಾಗಾದ್ರೆ ಈ ಪ್ರಸಾದ?"

"ಬೀದಿ ಕೊನೆ ಅಂಗಡಿಯದು ಸಾರ್," ಎಂದಳು ಹೆಲ್ಮಿ.

ಗಿರಿಜಾ ನೆಲ ನೋಡಿದಳು. ಅಮ್ಮ ಸೂರು ನೋಡಿದರು. ಮುಗಿಯಿತು, ಹುಡುಗಿ ಇನ್ನು ಪೆಟ್ಟಿಗೆ ಕಟ್ಟುವುದೇ ಸೈ ಎಂದು ನಾನು ಗೋಡೆ ಹಿಡಿದುಕೊಂಡೆ. ರಂಗಸ್ವಾಮಿ ತಟ್ಟೆಯನ್ನೊಮ್ಮೆ, ಹೆಲ್ಮಿಯನ್ನೊಮ್ಮೆ ನೋಡಿದರು. ಬಾಯಲ್ಲಿದ್ದ ಲಾಡನ್ನು ನುಂಗಿದರು. ಆಮೇಲೆ ಅವರ ಮೀಸೆ ಅಲುಗಿತು, ಹೊಟ್ಟೆ ಅಲುಗಿತು, ಕೊನೆಗೆ ಕುರ್ಚಿಯೇ ಅಲುಗುವಂತೆ ನಕ್ಕರು. "ನಮ್ಮನೇಲಿ ತಿರುಪತಿ ಅಂತೀವಿ ಮೇಡಂ. ಈ ಸುಳ್ಳು ನಿಮ್ಮ ಬಾಯಲ್ಲಿ ಇಷ್ಟು ಸಲೀಸಾಗಿ ಬರ್ಬೇಕಾದ್ರೆ, ನೀವು ಇದೇ ಮನೇಲೇ ವಾಸ ಇರ್ಬೇಕು. ಇದಕ್ಕಿಂತ ಪುರಾವೆ ಇನ್ನೇನ್ ಬೇಕು? ಹೋಟ್ಲಲ್ಲಿ ಇದ್ದೋರಿಗೆ ಇದು ಬರಲ್ಲ ಬಿಡಿ." ಹೀಗೆಂದು, ವಾಸ ದೃಢಪಟ್ಟಿದೆ ಎಂದು ಅಲ್ಲೇ ಬರೆದುಬಿಟ್ಟರು. ಹೆಲ್ಮಿ ಅಮ್ಮನನ್ನು ತಬ್ಬಿಕೊಂಡಳು. ಗಿರಿಜಾ ಕಾಫಿ ಇಡಲು ಓಡಿದಳು.

ಎಲ್ಲ ಸುಖವಾಗಿ ಮುಗಿಯಿತು ಎಂದು ನಾನು ಉಸಿರು ಬಿಡುವಾಗ ರಂಗಸ್ವಾಮಿ ಎದ್ದು, ಫೈಲನ್ನು ಕಂಕುಳಿಗೆ ಸೇರಿಸಿ, ನನ್ನ ಕಡೆ ತಿರುಗಿದರು. "ಒಂದ್ ಸೈನ್ ಬೇಕಿತ್ತಲ್ಲ ಸಾರ್. ಈ ಮನೆ ಯಜಮಾನ್ರು ಯಾರು?"

ದೇವರಾಣೆಗೂ ನಾನು ಹೇಳಿದ್ದಲ್ಲ. ಬಾಯಿ ತಾನೇ ತೆರೆಯಿತು. "ಯಜಮಾನ್ರು ಊರಲ್ಲಿಲ್ಲ ಸಾರ್."

ರಂಗಸ್ವಾಮಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೆಲ್ಮಿಯ ಕಡೆ ತಿರುಗಿದರು. "ಮೇಡಂ, ಈ ಮನೇಲಿ ನಿಜ ಹೇಳೋರು ನೀವೊಬ್ರೇ. ನೀವೇ ಹೇಳಿ, ಇವರು ಯಾರು?"

"ಇವರೇ ಯಜಮಾನರು ಸಾರ್. ಊರಲ್ಲೇ ಇದ್ದಾರೆ. ಎಲ್ಲಿಗೂ ಹೋಗುವುದಿಲ್ಲ."

"ಅದನ್ನೇ ಇಲ್ಲಿ ಬರ್ದು ಒಂದ್ ಸೈನ್ ಹಾಕ್ಬಿಡಿ."

ನನ್ನ ಸಹಿಯ ಕೆಳಗೆ ಹೆಲ್ಮಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ, ಇವರು ಈ ವಿಳಾಸದಲ್ಲೇ ವಾಸವಾಗಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದು ಬರೆದು ಸಹಿ ಹಾಕಿದಳು. ಅವಳಿಗೆ ಇನ್ನೊಂದು ವರ್ಷ ಇಲ್ಲಿರಲು ಒಪ್ಪಿಗೆ ಬಂದಿದೆ. ಮಳೆಯೂ ಶುರುವಾಗಿದೆ. ನಾನು ಎಷ್ಟು ದಿನ ಇಲ್ಲಿರಬಹುದು ಎಂದು ಅವಳು ಆ ಕಾಗದದಲ್ಲಿ ಬರೆದಿಲ್ಲ. ಹೋಗಿ ಕೇಳಲು ನನಗೂ ಧೈರ್ಯ ಸಾಲದು.