ಜಾರಿ ಬಿದ್ದವನಿಗೆ ಅಳತಕ್ಕದ್ದು

ನನ್ನ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೇ: "ಏಳು ಗಂಟೆಗೆ ಗುಂಡಿ ಒತ್ತೋದು ಮರೀಬೇಡಿ. ನಿಮಗೆ ಏನನ್ನಿಸುತ್ತೋ ಅದನ್ನೇ ಒತ್ತಿ."

ಊರಿನ ಪ್ರತಿಕ್ರಿಯೆ ಅಳೆಯಲು ಆಯ್ಕೆಯಾದ ಮನೆ ನಮ್ಮದೊಂದೇ. ವೀಕ್ಷಕರ ಇಲಾಖೆಯವರು ಟೀವಿ ಪಕ್ಕದಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದರು. ಅದಕ್ಕೆ ಎರಡು ಗುಂಡಿ. ನಗು ಒಂದು, ಅಳು ಒಂದು. ನಾವು ಏನು ಒತ್ತುತ್ತೇವೋ ಅದೇ ಊರಿಗೆಲ್ಲ ಅನ್ನಿಸಿದ್ದು ಅಂತ ಲೆಕ್ಕ.

ಬರುತ್ತಿದ್ದದ್ದು ಜಪಾನಿನ ಒಂದು ಪ್ರೇಮದ ಧಾರಾವಾಹಿ. ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರಿಗೂ ಇಷ್ಟ, ಇಬ್ಬರೂ ಬಾಯಿ ಬಿಡುವುದಿಲ್ಲ. ಹೇಳಲು ಹೋದಾಗಲೆಲ್ಲ ಹುಡುಗ ಅವಳ ಮನೆ ಮೆಟ್ಟಿಲಲ್ಲಿ ಜಾರಿ ಬೀಳುತ್ತಾನೆ.

"ಒಂದು ಮಾತು ಹೇಳೋಕೆ ಇಷ್ಟು ದಿನ ಬೇಕಾ ಇವನಿಗೆ?" ಅಂದಿದ್ದೆ.

"ನೀವು ಇನ್ನೂ ಹೇಳಿಲ್ಲ," ಅಂದಿದ್ದಳು. ಅವನು ಬಿದ್ದಾಗ ನನ್ನ ತೋಳಿಗೆ ಹೊಡೆದು ಹೊಡೆದು ನಗುತ್ತಿದ್ದಳು.

ಅವಳು ತೀರಿಹೋದ ಮೇಲೂ ಹುಡುಗ ಬಿದ್ದ. ತೋಳಿಗೆ ಏಟು ಬೀಳಲಿಲ್ಲ. ನಾನು ಅಳು ಒತ್ತಿದೆ.

ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ನನ್ನದು ಸೈಕಲ್ ರಿಪೇರಿ ಅಂಗಡಿ. ಗಿರಾಕಿ ಮುಂದೆ ಅಳಲಾಗದು. ಮನೆಯಲ್ಲಿ ಅತ್ತರೆ ನೆಂಟರು ಸಮಾಧಾನ ಮಾಡಲು ಬರುತ್ತಾರೆ. ಟೀವಿ ನೋಡಿ ಅಳುವವನನ್ನು ಯಾರೂ ಕೇಳುವುದಿಲ್ಲ. ದಿನಾ ಒತ್ತಿದೆ.

ಇಲಾಖೆಯ ಪ್ರಕಟಣೆ ಬಂತು: "ಸದರಿ ಧಾರಾವಾಹಿಯ ನಾಯಕನು ಜಾರಿ ಬೀಳುವ ದೃಶ್ಯವು ದುಃಖಕರವೆಂದು ಸಾರ್ವಜನಿಕರೇ ಅಭಿಪ್ರಾಯಪಟ್ಟಿರುವುದರಿಂದ, ಸಾರ್ವಜನಿಕರು ಸದರಿ ದೃಶ್ಯಕ್ಕೆ ಅಳತಕ್ಕದ್ದು. ನಗುವವರು ಕಿಟಕಿ ಮುಚ್ಚಿಕೊಂಡು ನಗತಕ್ಕದ್ದು."

ಊರು ಅತ್ತಿತು. ಮೊದಲು ಕಷ್ಟಪಟ್ಟು, ಆಮೇಲೆ ಸಲೀಸಾಗಿ.

ನಾದಿನಿ ಬಂದಳು. "ಭಾವ, ನೀವು ಅಳೋದು ಅಕ್ಕನಿಗೆ. ನಾವೆಲ್ಲ ಆ ಎಡವಟ್ಟನಿಗೆ ಯಾಕೆ ಅಳಬೇಕು?"

"ನೀನೂ ಅಳ್ತೀಯಾ?"

"ಇನ್ನೇನು ಮಾಡ್ಲಿ? ನಮ್ಮ ಕಿಟಕಿ ಮುರಿದಿದೆ, ಮುಚ್ಚೋಕಾಗಲ್ಲ."

ಅವಳ ಮಾತು ಇಲಾಖೆಗೂ ಮುಟ್ಟಿತೋ ಏನೋ, ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಪೆಟ್ಟಿಗೆ ನೋಡಿದರು. ನಗುವಿನ ಗುಂಡಿ ಬೆಳ್ಳಗಿತ್ತು. ಅಳುವಿನ ಗುಂಡಿ ನನ್ನ ಕೈಯ ಗ್ರೀಸು ಹತ್ತಿ ಕಪ್ಪಾಗಿತ್ತು.

"ಯಜಮಾನರೇ, ಇದು ಧಾರಾವಾಹಿಗೆ ಸಂಬಂಧಪಟ್ಟ ಅಳುವೇನು?"

"ಅರ್ಧ."

"ಅರ್ಧಕ್ಕೆ ಗುಂಡಿ ಇಲ್ಲ. ತಪ್ಪಾಯ್ತು ಅಂತ ಒಪ್ಪಿಕೊಳ್ಳಿ, ಪೆಟ್ಟಿಗೆ ತೆಗೆದುಕೊಂಡು ಹೋಗ್ತೀವಿ. ನಾಳೆಯಿಂದ ಊರು ನಗಬಹುದು."

"ತೆಗೆದರೆ ನಾನು ಎಲ್ಲಿ ಅಳಲಿ, ಸ್ವಾಮಿ?"

ಅವರು ಯೋಚಿಸಿದರು. ಅದಕ್ಕೆ ನಿಯಮ ಇರಲಿಲ್ಲ. ಅಷ್ಟರಲ್ಲಿ ಏಳು ಗಂಟೆಯಾಯಿತು. ಹುಡುಗ ಮೆಟ್ಟಿಲು ಹತ್ತಿದ, ಬಿದ್ದ. ಅಧಿಕಾರಿ ಕನ್ನಡಕ ತೆಗೆದರು.

"ನಮ್ಮ ತಾಯಿ ಹೋದಾಗ ಆಫೀಸಿನಲ್ಲಿ ಆಡಿಟ್ ಇತ್ತು," ಅಂದರು.

ನಾನು ಸರಿದು ಜಾಗ ಕೊಟ್ಟೆ. ಅವರೇ ಗುಂಡಿ ಒತ್ತಿದರು.

ಧಾರಾವಾಹಿ ಆ ವಾರ ಮುಗಿಯಬೇಕಿತ್ತು. ಬೇರೆ ಆದೇಶ ಬಂತು: "ಸಾರ್ವಜನಿಕ ಹಿತದೃಷ್ಟಿಯಿಂದ, ನಾಯಕನು ಮುಂದಿನ ಆದೇಶದವರೆಗೆ ಪ್ರತಿದಿನ ಸಂಜೆ ಏಳಕ್ಕೆ ಜಾರಿ ಬೀಳತಕ್ಕದ್ದು." ಒಂದು ಪ್ರತಿ ಜಪಾನಿಗೂ ಹೋಯಿತು. ಯಾರೂ ತಕರಾರು ಎತ್ತಲಿಲ್ಲ. ನಾದಿನಿ ಕಿಟಕಿ ರಿಪೇರಿ ಮಾಡಿಸುವ ಯೋಚನೆ ಬಿಟ್ಟಳು. ಧಾರಾವಾಹಿಯ ಆ ಹುಡುಗಿಯೊಬ್ಬಳು ಮಾತ್ರ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ, ಪಾಪ.

ಅಳಲು ಸಂಜೆ ಇದೆ ಅಂತಾಯಿತು. ಮಾರನೇ ಬೆಳಗ್ಗೆ ಹೆಂಡತಿಯ ಬೀರು ತೆಗೆದೆ. ಅವಳ ತಂಗಿಗೆ ಆಗುವ ಬಟ್ಟೆಗಳನ್ನು ಬೇರೆಯಾಗಿ ಮಡಿಸಿಟ್ಟೆ.