ಎಡಗೈಗೆ ಸರ್ಟಿಫಿಕೇಟು

ಮನುಷ್ಯರಿಗೆ ನಡೆಯಲು ಬರುತ್ತದೆ ಎನ್ನುವುದನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ರಸ್ತೆಯಲ್ಲಿ, ಮಾರ್ಕೆಟ್ಟಿನಲ್ಲಿ, ಮನೆಯೊಳಗೆ ಎಲ್ಲರೂ ಚೆನ್ನಾಗಿಯೇ ನಡೆಯುತ್ತಾರೆ. ಅವರಿಗೊಂದು ಕಪ್ಪು ಗೌನು ತೊಡಿಸಿ, ತಲೆಯ ಮೇಲೆ ಚೌಕದ ಟೊಪ್ಪಿ ಇಟ್ಟು, "ಈಗ ವೇದಿಕೆ ಹತ್ತಿ" ಎಂದು ಹೇಳಿ ನೋಡಬೇಕು. ಎಡಗಾಲಿನ ಜೊತೆ ಎಡಗೈಯೇ ಮುಂದೆ ಬರುತ್ತದೆ. ಓಟದಲ್ಲಿ ಕಾಲೇಜಿಗೆ ಪದಕ ತಂದ ಹುಡುಗ ನಾಲ್ಕು ಮೆಟ್ಟಿಲು ಹತ್ತುವುದರೊಳಗೆ ಎಡವುತ್ತಾನೆ. ಹುಡುಗಿಯೊಬ್ಬಳು ಮುಖ್ಯ ಅತಿಥಿಗಳನ್ನು ದಾಟಿ, ಪ್ರಿನ್ಸಿಪಾಲರನ್ನು ದಾಟಿ, ಪರದೆಯ ಹಿಂದೆ ಧ್ವನಿವರ್ಧಕದವನ ಬಳಿಗೆ ಹೋಗಿ ಕೈ ಚಾಚಿ ನಿಂತದ್ದನ್ನು ನಾನೇ ನೋಡಿದ್ದೇನೆ. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಕಲಿಸುವುದು ಸಂಬಳಕ್ಕೆ. ನನಗೆ ಅಷ್ಟೋ ಇಷ್ಟೋ ಹೆಸರು ಬಂದಿದ್ದರೆ ಅದು ಪ್ರತಿ ವರ್ಷ ಪದವಿ ಪ್ರದಾನದ ಹಿಂದಿನ ದಿನ ಮಕ್ಕಳಿಗೆ ನಡೆಯುವುದನ್ನು ಹೇಳಿಕೊಡುವುದರಿಂದ.

ಈ ಕೆಲಸ ನನ್ನ ಕುತ್ತಿಗೆಗೆ ಬಿದ್ದದ್ದೂ ಇತಿಹಾಸದಿಂದಲೇ. "ಗೌನು, ಟೊಪ್ಪಿ ಎಲ್ಲ ಹಳೇ ಕಾಲದ್ದಲ್ವಾ, ನಿಮ್ಮ ಸಬ್ಜೆಕ್ಟೇ ಆಯ್ತಲ್ಲ" ಎಂದು ಆಗಿನ ಪ್ರಿನ್ಸಿಪಾಲರು ವಹಿಸಿಕೊಟ್ಟರು. ವಹಿಸಿಕೊಟ್ಟ ಮೇಲೆ ನಾನೂ ಓದಿಕೊಂಡೆ. ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳು ಬೆಳೆದದ್ದು ಇಗರ್ಜಿಯ ಮಗ್ಗುಲಲ್ಲಿ. ಕಲಿಸುವವರೂ ಕಲಿಯುವವರೂ ಹೆಚ್ಚುಕಡಿಮೆ ಪಾದ್ರಿಗಳೇ. ಚಳಿ ಹಿಡಿಯುವ ಕಲ್ಲಿನ ಕಟ್ಟಡಗಳಲ್ಲಿ ಕೂತು ಓದಬೇಕಾದರೆ ಮೈತುಂಬ ನಿಲುವಂಗಿ ಬೇಕಿತ್ತು, ಕಿವಿ ಮುಚ್ಚಿಕೊಳ್ಳಲು ಅದಕ್ಕೊಂದು ಕುಲಾವಿ ಬೇಕಿತ್ತು. ಮುಂದೆ ಕಟ್ಟಡಗಳು ಬೆಚ್ಚಗಾದವು, ನಿಲುವಂಗಿ ಮಾತ್ರ ಉಳಿಯಿತು. ಬ್ರಿಟಿಷರು ಅದನ್ನು ಹಡಗಿಗೆ ಹಾಕಿಕೊಂಡು ನಮ್ಮಲ್ಲಿಗೂ ತಂದರು. ಹೀಗೆ ಚಳಿಗೆಂದು ಹೊಲಿದ ಬಟ್ಟೆಯನ್ನು ನಾವು ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ತೊಟ್ಟುಕೊಂಡು, ಬೆವರು ಒರೆಸುತ್ತ, ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳುತ್ತೇವೆ. ಗೌನು ಬಾಡಿಗೆಯದು. ಅದರಲ್ಲಿ ನುಸಿಗುಳಿಗೆಯ ವಾಸನೆಯ ಜೊತೆ ಹಿಂದೆ ತೊಟ್ಟವರ ಸೆಂಟು, ಟೊಪ್ಪಿಯೊಳಗೆ ಯಾರದೋ ಹೇರ್‌ಪಿನ್ನು ಇರುತ್ತದೆ. ಟೊಪ್ಪಿಯ ಇಂಗ್ಲಿಷ್ ಹೆಸರು 'ಮಾರ್ಟರ್‌ಬೋರ್ಡ್', ಎಂದರೆ ಗಾರೆಯವರು ಸಿಮೆಂಟು ಹಿಡಿಯುವ ಹಲಗೆಯದು. ಅದನ್ನು ಮಲ್ಲಿಗೆ ಮುಡಿದ ತಲೆಯ ಮೇಲೆ ನಿಲ್ಲಿಸುವುದು ಗಾರೆ ಕೆಲಸಕ್ಕಿಂತ ಕಷ್ಟ. 'ಘಟಿಕೋತ್ಸವ' ಎಂಬ ನಮ್ಮ ಮಾತು ಮಾತ್ರ ಅಚ್ಚ ಇಲ್ಲಿಯದು. ಶಾಸನಗಳಲ್ಲಿ ಬರುವ ಘಟಿಕಾಸ್ಥಾನಗಳೆಂದರೆ ವಿದ್ಯಾಕೇಂದ್ರಗಳು. ಇದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಅವರು ಟೊಪ್ಪಿಯ ಗೊಂಡೆ ಎಡಕ್ಕೋ ಬಲಕ್ಕೋ ಎಂದು ಕೇಳುತ್ತಾರೆ.

ನನ್ನ ಪಾಠದ ಜೀವಾಳ ಒಂದೇ ಸಾಲಿನದು: ಎಡಗೈಗೆ ಸರ್ಟಿಫಿಕೇಟು, ಬಲಗೈಗೆ ಶೇಕ್‌ಹ್ಯಾಂಡು, ಮುಖ ಕ್ಯಾಮೆರಾ ಕಡೆಗೆ. ಹೇಳಲು ಸುಲಭ. ಆದರೆ ನಮ್ಮವರಿಗೆ ಹುಟ್ಟಿದಂದಿನಿಂದ ಎಡಗೈ ಚಾಚಬೇಡ ಎಂದು ಬಡಿದು ಬಡಿದು ಕಲಿಸಿರುತ್ತಾರೆ. ಬಸ್ಸಿನ ಟಿಕೆಟನ್ನೂ ನಾವು ಎಡಗೈಯಲ್ಲಿ ಕೇಳುವುದಿಲ್ಲ. ಹಾಗಾಗಿ ವೇದಿಕೆಯ ಮೇಲೆ ಬಲಗೈ ತಾನಾಗಿಯೇ ಮುಂದೆ ಹೋಗುತ್ತದೆ, ಅತ್ತಿಂದ ಅತಿಥಿಗಳ ಬಲಗೈ ಬರುತ್ತದೆ, ಎರಡೂ ಕೈಗಳ ನಡುವೆ ಸಿಕ್ಕಿ ಸರ್ಟಿಫಿಕೇಟು ಕೆಳಗೆ ಬೀಳುತ್ತದೆ. ಅದನ್ನು ಹೆಕ್ಕಲು ಇಬ್ಬರೂ ಒಟ್ಟಿಗೆ ಬಗ್ಗುತ್ತಾರೆ. ಆ ಹೊತ್ತಿಗೆ ಫೋಟೊ ಬರುತ್ತದೆ. ಇದನ್ನು ತಪ್ಪಿಸಲು ನಾನು ಮಕ್ಕಳ ಎಡ ಅಂಗೈಗೆ ಪೆನ್ನಿನಲ್ಲಿ ಗುರುತು ಹಾಕಿಸಿದ್ದೂ ಉಂಟು.

ನನ್ನ ಹೆಂಡತಿ ಜೆಸಿಂತಾ ನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಹುಡುಗಿಯಾಗಿದ್ದಾಗ ಡಿಪ್ಲೊಮಾ ಮುಗಿಸಿದ ಕೂಡಲೇ ಕುವೈತಿಗೆ ಹೋದಳು. ತಮ್ಮಂದಿರ ಓದು, ತಂಗಿಯ ಮದುವೆ ಎಲ್ಲ ಅವಳ ಮೇಲೆಯೇ ಇತ್ತು. ಡಿಪ್ಲೊಮಾದ ಸರ್ಟಿಫಿಕೇಟು ಹಿಂದಿನಿಂದ ಟಪಾಲಿನಲ್ಲಿ ಹೋಯಿತಂತೆ. ಈಗ ಮಕ್ಕಳು ದೊಡ್ಡವರಾದ ಮೇಲೆ, ಯಾರಿಗೂ ಹೇಳದೆ ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿಕೊಂಡಳು. ನೈಟ್ ಡ್ಯೂಟಿ ಮುಗಿಸಿ ಬಂದು, ಮೀನು ಸಾರಿಗೆ ಮಸಾಲೆ ಅರೆದಿಟ್ಟು, ಅಡಿಗೆಮನೆಯಲ್ಲೇ ಕೂತು ಓದಿದಳು. ಇತಿಹಾಸವೂ ಅವಳಿಗೊಂದು ವಿಷಯವಾಗಿತ್ತು. ಪಾಸಾಗಿ, ಘಟಿಕೋತ್ಸವಕ್ಕೆ ಬರಬೇಕೆಂದು ಮೊಬೈಲಿಗೆ ಸಂದೇಶ ಬಂದ ದಿನ ಅವಳು ನನ್ನೆದುರು ಬಂದು ನಿಂತಳು. ನಮ್ಮ ಕೊಂಕಣಿಯಲ್ಲಿ ಹೆಂಡತಿ ಗಂಡನನ್ನು ಏಕವಚನದಲ್ಲೇ ಮಾತಾಡಿಸುತ್ತಾಳೆ, ಓದುಗರು ತಪ್ಪು ತಿಳಿಯಬಾರದು.

"ನನ್ನನ್ನು ಸ್ಟೇಜಿಗೆ ಕರೀತಾರಲ್ಲ?"

"ಕರೀದೆ ಎಂತ? ಹೆಸರು ಹಿಡಿದು ಕರೀತಾರೆ."

"ಎಲ್ಲರ ಎದುರು?"

"ಎಲ್ಲರ ಎದುರೇ. ಬಾಗಿಲು ಹಾಕ್ಕೊಂಡು ಕೊಡ್ಲಿಕ್ಕೆ ಅದೆಂತ ಕಳ್ಳಮಾಲಾ?"

ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು. ವರ್ಷವರ್ಷವೂ ನೂರಾರು ಜನರನ್ನು ವೇದಿಕೆ ಹತ್ತಿಸಿ ಇಳಿಸುವ ನನಗೆ ಅದರಲ್ಲಿ ಅರಳುವಂಥದ್ದು ಏನೂ ಕಾಣುವುದಿಲ್ಲ. ಅದನ್ನೇ ಹೇಳಿದೆ. ಅವಳು ಹೇಳಿದಳು, "ನಾನು ಜೀವಮಾನದಲ್ಲಿ ಸ್ಟೇಜ್ ಹತ್ತಿದ್ದು ಒಮ್ಮೆ, ಮದುವೆಯ ಮುಂಚಿನ ದಿನ, ರೋಸ್ ಶಾಸ್ತ್ರಕ್ಕೆ. ಅಲ್ಲಿ ಊರಿನವರೆಲ್ಲ ಸೇರಿ ತಲೆಗೆ ತೆಂಗಿನಕಾಯಿ ಹಾಲು ಸುರಿದ್ರು. ಕೈಗೆ ಎಂತದೂ ಕೊಡ್ಲಿಲ್ಲ." ಅವಳು ರಜೆ ಹಾಕಿದಳು, ಡ್ಯೂಟಿ ಅದಲುಬದಲು ಮಾಡಿಕೊಂಡಳು, ಸೀರೆ ತಂದಳು. ತಂಗಿಗೆ, ತಮ್ಮಂದಿರಿಗೆ, ವಾರ್ಡಿನ ಹುಡುಗಿಯರಿಗೆಲ್ಲ "ನನ್ನ ಹೆಸರು ಕರೀತಾರೆ" ಎಂದು ಹೇಳಿಯಾಯಿತು.

ಮನೆಯಲ್ಲೇ ಇಂಥ ಪರಿಣತನಿರುವಾಗ ರಿಹರ್ಸಲ್ ಬಿಡುವುದುಂಟೇ? ಕದ್ರಿಯ ನಮ್ಮ ಫ್ಲಾಟಿನ ಊಟದ ಕೋಣೆ ವೇದಿಕೆಯಾಯಿತು. ನಾನು ಮುಖ್ಯ ಅತಿಥಿ. ಸರ್ಟಿಫಿಕೇಟಿನ ಬದಲು ಇಗರ್ಜಿಯ ಹಳೇ ಕ್ಯಾಲೆಂಡರು. ಫ್ರಿಜ್ಜಿನ ಬದಿಯಿಂದ ಹತ್ತಬೇಕು, ವಾಶ್‌ಬೇಸಿನ್ನಿನ ಬದಿಯಿಂದ ಇಳಿಯಬೇಕು. ಜೆಸಿಂತಾ ಚೆನ್ನಾಗಿಯೇ ನಡೆದಳು. ವಾರ್ಡಿನಲ್ಲಿ ಇಷ್ಟು ವರ್ಷ ನಡೆದವಳಿಗೆ ನಾನು ಕಲಿಸುವುದೇನೂ ಇರಲಿಲ್ಲ. ಕಷ್ಟ ಬಂದದ್ದು ಕೈಯ ವಿಷಯಕ್ಕೆ.

"ಎಡಗೈ," ಎಂದೆ.

"ಎಡಗೈಯಲ್ಲಿ ನಾನು ತಗೊಳ್ಳುದಿಲ್ಲ."

"ಅದು ಪದ್ಧತಿ. ಪ್ರಪಂಚದಲ್ಲೆಲ್ಲ ಹಾಗೇ."

"ನಿದ್ದೆಗೆಟ್ಟು ಓದಿದ್ದು ಮಾರಾಯ. ಎಡಗೈಯಲ್ಲಿ ಎತ್ತಿಕೊಳ್ಳಲಿಕ್ಕೆ ಇದೆಂತ ಕಸವಾ?"

ನಾನು ಪದ್ಧತಿಯ ಇತಿಹಾಸ ಹೇಳಲು ಹೊರಟೆ. ಅವಳು ಕ್ಯಾಲೆಂಡರನ್ನು ಮೇಜಿನ ಮೇಲೆ ಇಟ್ಟು ಕುಕ್ಕರು ಇಳಿಸಲು ಹೋದಳು. ಅಂತೂ ನಾನು ಹಟ ಬಿಡಲಿಲ್ಲ. ಮುಖ್ಯ ಅತಿಥಿಗಳ ಎದುರು ಮರ್ಯಾದೆ ಹೋಗುತ್ತದೆ, ಫೋಟೊ ಹಾಳಾಗುತ್ತದೆ ಎಂದೆಲ್ಲ ಹೆದರಿಸಿ, ಕೊನೆಗೆ ಎಡಗೈಗೆ ಒಪ್ಪಿಸಿದೆ.

ಕಾಲೇಜಿನಲ್ಲಿ ಈ ರಿಹರ್ಸಲ್ಲಿನ ಪ್ರತಾಪವನ್ನು ಕಾಮರ್ಸಿನ ಇಕ್ಬಾಲರ ಹತ್ತಿರ ಹೇಳಿಕೊಂಡೆ. ಇಕ್ಬಾಲರದು ಬಂದರಿನಲ್ಲಿ ತಲೆಮಾರುಗಳಿಂದ ಸಗಟು ವ್ಯಾಪಾರ ಮಾಡುವ ಬ್ಯಾರಿ ಮನೆತನ. ಮಾಲು ಕಣ್ಣಿಗೆ ಬೀಳುವವರೆಗೆ ಯಾವುದನ್ನೂ ನಂಬುವವರಲ್ಲ. "ಸಾರ್, ಅಲ್ಲಿ ಎಲ್ಲರನ್ನೂ ಸ್ಟೇಜಿಗೆ ಕರೀತಾರಾ? ಸಾವಿರಗಟ್ಟಲೆ ಜನ ಇರ್ತಾರೆ ಅಲ್ವಾ? ಒಂದು ಫೋನ್ ಮಾಡಿ ಕೇಳಿ" ಎಂದರು. ನಾನು ನಕ್ಕುಬಿಟ್ಟೆ. ಇಷ್ಟು ವರ್ಷ ಇದನ್ನೇ ಮಾಡಿಸಿದವನು ಯಾರಿಗೆ ಫೋನು ಮಾಡಬೇಕು? ಜನ ನನಗೆ ಫೋನು ಮಾಡಿ ಕೇಳಬೇಕು.

ಘಟಿಕೋತ್ಸವ ನಗರದ ಒಂದು ದೊಡ್ಡ ಸಭಾಂಗಣದಲ್ಲಿತ್ತು. ಜೊತೆಗೆ ಬಂದವರಿಗೆಲ್ಲ 'ಪೋಷಕರು' ಎಂದು ಬರೆದ ಚೀಟಿಯೊಂದನ್ನು ಕೊಟ್ಟು ಮೇಲಿನ ಬಾಲ್ಕನಿಗೆ ಕಳಿಸಿದರು. ಹೆಂಡತಿಗೆ ಪೋಷಕನಾಗಿ ನಾನು ಮೆಟ್ಟಿಲು ಹತ್ತಿದೆ. ಮೊದಲ ಪೆಟ್ಟು ಬಿದ್ದದ್ದು ಅಲ್ಲೇ: ಗೌನೂ ಇಲ್ಲ, ಟೊಪ್ಪಿಯೂ ಇಲ್ಲ. ಈಗ ಎಷ್ಟೋ ಕಡೆ ಮಾಡುವ ಹಾಗೆ ಅವನ್ನು ಬಿಟ್ಟು, ಎಲ್ಲರ ಹೆಗಲಿಗೂ ಒಂದೊಂದು ಶಾಲು ಹೊದಿಸಿದ್ದರು. ಗೊಂಡೆಯನ್ನು ಬಲದಿಂದ ಎಡಕ್ಕೆ ತಿರುಗಿಸಲು ಕಲಿಸಿದ್ದೆಲ್ಲ ವ್ಯರ್ಥವಾಯಿತು. ಆದರೂ ನೋಡಲು ಚೆನ್ನಾಗಿತ್ತು ಎಂದು ಒಪ್ಪಬೇಕು. ನಾಗಸ್ವರದ ಹಿಂದೆ ದಂಡ ಹಿಡಿದ ಅಧಿಕಾರಿ, ಅವರ ಹಿಂದೆ ಕುಲಪತಿಗಳ ಮೆರವಣಿಗೆ ಬಂತು. ಹಿಂದಿನ ಕಾಲದಲ್ಲಿ ಆ ದಂಡ ದೊಡ್ಡವರ ಮೇಲೆ ಬೀಳಲು ಬಂದವರನ್ನು ಬಡಿಯಲಿಕ್ಕೆ ಇತ್ತು ಎಂದು ಪಕ್ಕದಲ್ಲಿ ಕೂತವರಿಗೆ ತಿಳಿಸಿದೆ. ಅವರು ಮೊಬೈಲಿನಲ್ಲಿ ಮಗಳನ್ನು ಹುಡುಕುತ್ತಿದ್ದರು.

ಪಿಎಚ್.ಡಿ.ಯವರನ್ನು ಕರೆದರು, ಚಿನ್ನದ ಪದಕದವರನ್ನು ಕರೆದರು. ಅವರು ವೇದಿಕೆ ಹತ್ತಿದರು, ಇಳಿದರು. ಇನ್ನು ಬಿ.ಎ. ಎಂದು ನಾನು ಮೊಬೈಲು ತೆಗೆದು ಸಿದ್ಧನಾದೆ. ಮೈಕಿನಲ್ಲಿ ಹೇಳಿದರು: "ಕಲಾ ವಿಭಾಗದ ಪದವೀಧರರು ತಮ್ಮ ಸ್ಥಾನದಲ್ಲಿ ಎದ್ದು ನಿಲ್ಲಬೇಕು." ಕೆಳಗೆ ಅರ್ಧ ಸಭಾಂಗಣ ಎದ್ದು ನಿಂತಿತು. ಕುಲಪತಿಗಳು ಒಂದು ವಾಕ್ಯ ಓದಿದರು. "ಪದವಿಯನ್ನು ಪ್ರದಾನ ಮಾಡಲಾಗಿದೆ. ಕುಳಿತುಕೊಳ್ಳಬಹುದು." ಎಲ್ಲರೂ ಕುಳಿತರು. ಅಷ್ಟೇ. ಜೆಸಿಂತಾ ಮಾತ್ರ ನಿಂತೇ ಇದ್ದಳು, ವೇದಿಕೆಯ ಮೆಟ್ಟಿಲುಗಳನ್ನೇ ನೋಡುತ್ತಾ. ಪಕ್ಕದಾಕೆ ಶಾಲು ಹಿಡಿದು ಎಳೆದ ಮೇಲೆ ಕುಳಿತಳು. ನಾನು ವರ್ಷವರ್ಷ ಮಾಡಿಸುತ್ತಿದ್ದದ್ದು ಕಾಲೇಜು ತನ್ನ ಮಕ್ಕಳಿಗೆ ಮಾಡುವ ಸಮಾರಂಭ. ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಒಮ್ಮೆಯೂ ಹೋದವನಲ್ಲ; ನನ್ನ ಪದವಿಗಳೂ ಟಪಾಲಿನಲ್ಲೇ ಬಂದವು. ಎರಡೂ ಒಂದೇ ಎಂದುಕೊಂಡು, ಅವಳಿಗೆ ವೇದಿಕೆಯ ಆಸೆ ಹುಟ್ಟಿಸಿದವನು ನಾನೇ.

ಸರ್ಟಿಫಿಕೇಟುಗಳನ್ನು ಹೊರಗಿನ ಕಾರಿಡಾರಿನ ಕೌಂಟರುಗಳಲ್ಲಿ ಪಡೆದುಕೊಳ್ಳಬೇಕು ಎಂದು ಕೊನೆಗೆ ಹೇಳಿದರು. ಕೆಳಗಿಳಿದು ಬಂದಾಗ ಜೆಸಿಂತಾ ಸಾಲಿನಲ್ಲಿ ನಿಂತಾಗಿತ್ತು. ಮುಖ ಸಪ್ಪೆಯಾಗಿತ್ತು. "ಹಾಗೆ ನೋಡಿದ್ರೆ ಒಟ್ಟಿಗೆ ಪದವಿ ಕೊಡುವ ಪದ್ಧತಿಯೂ ಹಳೇದೇ..." ಎಂದು ಶುರು ಮಾಡಿದೆ.

"ಸುಮ್ಮನೆ ಇರು ಮಾರಾಯ," ಎಂದಳು. "ಎಲ್ಲರಿಗೂ ಹೇಳಿಟ್ಟಿದ್ದೇನೆ ನಾನು."

ಫೋಟೊವನ್ನಾದರೂ ಸರಿಯಾಗಿ ತೆಗೆಯೋಣ ಎಂದು ಸಾಲು ದಾಟಿ ಮುಂದೆ ಹೋಗಿ ಕೌಂಟರಿನ ಮೇಜಿಗೆ ಆತು ನಿಂತೆ. ಮೇಜಿನ ಹಿಂದಿನ ಗುಮಾಸ್ತರು ತಲೆ ಎತ್ತದೆ ನಂಬರು ಕೂಗುತ್ತಿದ್ದರು, ಲಕೋಟೆ ಚಾಚುತ್ತಿದ್ದರು. ಜನ ಅದನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು ಬದಿಗೆ ಸರಿಯುತ್ತಿದ್ದರು. ಜೆಸಿಂತಾಳ ನಂಬರು ಬಂತು. ಅವಳು ಅಲ್ಲಾಡಲಿಲ್ಲ. ಗುಮಾಸ್ತರು ಇನ್ನೊಮ್ಮೆ ಕೂಗಿದರು.

"ಹೆಸರು ಕರೀರಿ ಸರ್," ಎಂದಳು.

"ನಂಬರ್ ಸಾಕು ಮೇಡಂ."

"ನನಗೆ ಸಾಕಾಗುದಿಲ್ಲ."

ಆ ಸ್ವರ ನನಗೆ ಗೊತ್ತು. ರೋಗಿಯ ಮಂಚದ ಸುತ್ತ ಗುಂಪುಗೂಡಿದ ನೆಂಟರನ್ನೆಲ್ಲ ಹೊರಗೆ ಕಳಿಸುವ ಸ್ವರ ಅದು, ಜೋರೂ ಅಲ್ಲ, ಮೆದುವೂ ಅಲ್ಲ. ಗುಮಾಸ್ತರು ತಲೆ ಎತ್ತಿ ಅವಳನ್ನು ನೋಡಿದರು. ಲಕೋಟೆ ತಿರುಗಿಸಿ ಓದಿದರು: "ಜೆಸಿಂತಾ ಪಿಂಟೊ, ಬಿ.ಎ." ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು, ಇದ್ದಷ್ಟು ಜಾಗದಲ್ಲೇ ನೆಟ್ಟಗೆ ನಡೆದು ಬಂದು, ಎರಡೂ ಕೈ ಚಾಚಿದಳು. ಗುಮಾಸ್ತರು ಕುರ್ಚಿಯಿಂದ ಅರ್ಧ ಎದ್ದರು, ಆಮೇಲೆ ಪೂರ್ತಿ ಎದ್ದು ನಿಂತು, ತಾವೂ ಎರಡೂ ಕೈಯಲ್ಲಿ ಕೊಟ್ಟರು. ಅವಳು ತಲೆ ಬಾಗಿಸಿದಳು. ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಹಿಂದೆ ನಿಂತಿದ್ದ ನರೆಗೂದಲಿನ ಗಂಡಸು, "ನನ್ನದೂ ಹೆಸರು ಕರೀರಿ ಸರ್, ನಾನೂ ಪಾಸಾದವನೇ" ಎಂದರು. ಗುಮಾಸ್ತರು ಒಮ್ಮೆ ಸಾಲಿನ ಉದ್ದ ನೋಡಿ ನಿಟ್ಟುಸಿರು ಬಿಟ್ಟರು. ಕುಳಿತುಕೊಳ್ಳಲಿಲ್ಲ. ಆ ಗಂಡಸಿನ ಹೆಸರು ಓದಿದರು.

ಮೊಬೈಲು ನನ್ನ ಕೈಯಲ್ಲೇ ಇತ್ತು. ಕಣ್ಣು ಮಂಜಾಗಿ ಏನೂ ಕಾಣಿಸುತ್ತಿರಲಿಲ್ಲ. ಗುಮಾಸ್ತರು ನನ್ನ ಕಡೆ ತಿರುಗಿ, "ನಿಮ್ಮದು ಯಾವ ಬ್ಯಾಚು?" ಎಂದರು.

"ನಾನು ಜೆಸಿಂತಾರ ಗಂಡ. ಕಾಲೇಜಿನಲ್ಲಿ ಇತಿಹಾಸ ಲೆಕ್ಚರರು."

"ಹಾಗಾದ್ರೆ ಸ್ವಲ್ಪ ಆಚೆ ನಿಲ್ಲಿ ಸರ್. ಪದವೀಧರರಿಗೆ ಜಾಗ ಬೇಕು."

ಆಚೆ ನಿಂತೆ. ಜೆಸಿಂತಾ ಲಕೋಟೆಯನ್ನು ಎದೆಗೆ ಒತ್ತಿಕೊಂಡು ನನ್ನೆದುರೇ ದಾಟಿ ಹೋದಳು. ನಾನು ಅವಳ ಕಣ್ಣಿಗೆ ಬಿದ್ದಂತೆ ಕಾಣಲಿಲ್ಲ. ಹೊರಗೆ ಬಿಸಿಲಿಗೆ ಬಂದ ಮೇಲೆ ತಿರುಗಿ ನೋಡಿ, "ಫೋಟೊ ಬಂತಾ?" ಎಂದಳು.

"ಇಲ್ಲ," ಎಂದೆ. ಬೈಗಳಿಗೆ ಸಿದ್ಧನಾಗಿದ್ದೆ.

"ಹೋಗಲಿ ಬಿಡು. ಮುಂದಿನ ಸಲ ತೆಗೆ. ಎಂ.ಎ. ಮಾಡುವ ಅಂತ ಉಂಟು."

"ಯಾವ ಸಬ್ಜೆಕ್ಟು?"

"ಹಿಸ್ಟರಿ," ಎಂದಳು ಜೆಸಿಂತಾ, ಆಟೋಗೆ ಕೈ ತೋರಿಸುತ್ತಾ. "ಮನೆಯಲ್ಲಿ ಒಬ್ಬರಾದ್ರೂ ಅದನ್ನು ಸರಿಯಾಗಿ ಓದಿದವರು ಬೇಕಲ್ಲ."